ಒಂದನೇ ಬೇಕು, ಎರಡನೇ ಬೇಕು

ಹೋದ ತಿಂಗಳು ಒಂದು ಮದುವೆಗೆಂದು ಅರಸೀಕೆರೆಗೆ ಹೋಗಿದ್ದೆ. ಸ್ಟೇಷನ್ನಿನಿಂದ ಛತ್ರಕ್ಕೆ ಆಟೋದಲ್ಲಿ ಹೋಗುವಾಗ ಒಂದು ಸಂದಿಯ ಬಾಯಲ್ಲಿ ಆ ವಾಸನೆ ಮೂಗಿಗೆ ಬಡಿಯಿತು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗುವ ಕೊಬ್ಬರಿಯ ವಾಸನೆ. ಒಂದಿಷ್ಟು ಸಿಹಿ, ಒಂದಿಷ್ಟು ಕಮಟು, ಮೇಲೆ ನಾರಿನ ಧೂಳು. ಗೊತ್ತಿಲ್ಲದವರು ಆಹಾ ಅನ್ನುತ್ತಾರೆ. ನನಗೆ ಅದು ನಮ್ಮ ದೊಡ್ಡಪ್ಪನ ವಾಸನೆ.

ಛತ್ರದಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಒಬ್ಬಳು ಎಳೇ ತಾಯಿ. ಅವಳ ಮೂರು ವರ್ಷದ ಮಗ ಐಸ್‌ಕ್ರೀಮ್ ಬೇಕು ಅಂದ. ಅವಳು ಅವನ ಗಲ್ಲ ಹಿಡಿದು, "ಕಂದಾ, ಇದು ನಿನ್ನ ಅಗತ್ಯನಾ, ಆಸೆನಾ? ಯೋಚನೆ ಮಾಡಿ ಹೇಳು" ಅಂದಳು. ಮೂಗು ಒರೆಸಿಕೊಳ್ಳಲು ಬಾರದ ಮಗು ಅದು, ಏನು ಯೋಚನೆ ಮಾಡೀತು. ತಾಯಿಯ ಕೈಯಲ್ಲಿ ಮೂರನೆಯ ಲೋಟ ಜ್ಯೂಸು.

"ಸ್ಕೂಲಲ್ಲೇ ಚಾರ್ಟ್ ಕೊಟ್ಟಿದಾರೆ ಅಜ್ಜಿ. ಈಗಿನಿಂದಲೇ ಕಲಿಸಬೇಕಂತೆ" ಅಂದಳು.

"ಕಲಿಸಮ್ಮ. ನನಗೂ ಇದೇ ಊರಲ್ಲಿ ಕಲಿಸಿದ್ರು" ಅಂದೆ.

ಏನು ಕಲಿಸಿದರು, ಕಲಿತು ಏನಾಯಿತು ಅನ್ನುವುದನ್ನು ಅವಳಿಗೆ ಹೇಳಲು ಹೋಗಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ. ಈ ಫೋನಿನಲ್ಲಿ ಬೇಕು ಅಂತ ಒತ್ತಿದರೆ ಬೆಕ್ಕು ಅಂತ ಬರುತ್ತದೆ. ಎಲ್ಲಾದರೂ ಬೆಕ್ಕು ಕಂಡರೆ ಓಡಿಸಿ, ಬೇಕು ಅಂತ ಓದಿಕೊಳ್ಳಿ.

ನನಗಾಗ ಏಳು ವರ್ಷ. ಸೇರು, ಪಾವು ಹೋಗಿ ಕಿಲೋ ಬಂದ ಹೊಸತು. ಅಂಗಡಿಯವನೂ ಕೊಳ್ಳುವವನೂ ತಾನೇ ಮೋಸ ಹೋದೆ ಅಂದುಕೊಳ್ಳುತ್ತಿದ್ದ ಕಾಲ. ಅಪ್ಪ ಬೇಲೂರಿನಲ್ಲಿ ಗುಮಾಸ್ತ. ಅಮ್ಮ ನಾಲ್ಕನೆಯ ಬಾಣಂತನಕ್ಕೆ ಸಿದ್ಧವಾಗುತ್ತಿದ್ದಳು. ಮನೆಯಲ್ಲಿ ಒಂದು ತಲೆ ಕಡಿಮೆಯಾಗಲಿ ಎಂದು ಒಂದು ವರ್ಷದ ಮಟ್ಟಿಗೆ ನನ್ನನ್ನು ಅರಸೀಕೆರೆಗೆ, ಅಪ್ಪನ ಅಣ್ಣನ ಮನೆಗೆ ಕಳಿಸಿದರು. ದೊಡ್ಡಪ್ಪ, ದೊಡ್ಡಮ್ಮನಿಗೆ ಮಕ್ಕಳಿರಲಿಲ್ಲ. ಮಗು ಹೇಗಿರುತ್ತದೆ ಎಂದು ದೊಡ್ಡಪ್ಪನಿಗೆ ಗೊತ್ತೂ ಇರಲಿಲ್ಲ. ಹೇಗಿರಬೇಕು ಎಂದು ಮಾತ್ರ ಚೆನ್ನಾಗಿ ಗೊತ್ತಿತ್ತು.

ದೊಡ್ಡಪ್ಪ ಮಿಡ್ಲ್ ಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಕರಿ ಕೋಟು, ಕಚ್ಚೆ ಪಂಚೆ, ಬೆರಳ ತುದಿಯಲ್ಲಿ ಸದಾ ಒಂದು ಚಿಟಿಕೆ ನಸ್ಯ. ಊರಿಗೆಲ್ಲ ವ್ಯಾಕರಣ ಹೇಳುವವರು. ಅವರ ಬಾಡಿಗೆ ಮನೆ ಒಬ್ಬ ಕೊಬ್ಬರಿ ವ್ಯಾಪಾರಿಯದು. ಕೆಳಗೆ ನಾವು, ಮೇಲೆ ಅಟ್ಟದ ತುಂಬ ಅವನ ತೆಂಗಿನಕಾಯಿ. ನಾನು ಬಂದ ವಾರವೇ ಕಾಯಿ ಏರಿಸಿದರು. ಒಳಗಿನ ನೀರು ಇಂಗಿ, ಕೊಬ್ಬರಿ ಕರಟ ಬಿಟ್ಟು, ಅಲ್ಲಾಡಿಸಿದರೆ ಗೊಟಗೊಟ ಅನ್ನಲು ಹತ್ತು ಹನ್ನೊಂದು ತಿಂಗಳು ಹಿಡಿಯುತ್ತದೆ. ಅಲ್ಲಿಯವರೆಗೆ ಅದರ ಮೇಲೆ ಇಲಿಗಳ ಸಂಸಾರ, ಕೆಳಗೆ ನಮ್ಮದು. ಇಲಿಗಳದ್ದೇ ವಾಸಿ. ಅವುಗಳಿಗೆ ಪಾಠ ಹೇಳುವವರು ಇರಲಿಲ್ಲ.

ಬಂದ ಮೂರನೆಯ ದಿನ ನಾನು ಅಡಿಗೆಮನೆ ಬಾಗಿಲಲ್ಲಿ ನಿಂತು, "ದೊಡ್ಡಮ್ಮ, ನಂಗೆ ಬತ್ತಾಸು ಬೇಕು" ಅಂದೆ. ಹಜಾರದಲ್ಲಿ ಆರಾಮಕುರ್ಚಿ ಕಿರ್ರೆಂದಿತು. ದೊಡ್ಡಪ್ಪ ಪೇಪರು ಮಡಿಸಿ ಎದ್ದು ಬಂದರು.

"ಏನಂದೆ?"

"ಬತ್ತಾಸು ಬೇಕು."

"ಬೇಕು. ಯಾವ ಬೇಕು?"

ಬೇಕಿನಲ್ಲಿ ಬಗೆಗಳಿವೆ ಎಂದು ನನಗೆ ಯಾರೂ ಹೇಳಿರಲಿಲ್ಲ.

"ನೋಡು, ನಮ್ಮ ಭಾಷೆಯಲ್ಲಿರೋ ದೊಡ್ಡ ದೋಷ ಇದು. ಉಸಿರಾಡೋಕೆ ಗಾಳಿ ಬೇಕು ಅಂತೀವಿ, ತಿನ್ನೋಕೆ ಬತ್ತಾಸೂ ಬೇಕು ಅಂತೀವಿ. ಎರಡಕ್ಕೂ ಒಂದೇ ಮಾತು. ಅದಕ್ಕೇ ನಮ್ಮ ಜನ ಉದ್ಧಾರ ಆಗಲಿಲ್ಲ" ಎಂದು ಒಲೆಯ ಪಕ್ಕದಿಂದ ಒಂದು ಇದ್ದಿಲ ಚೂರು ತೆಗೆದುಕೊಂಡರು. ಹಜಾರದ ಸುಣ್ಣದ ಗೋಡೆಯ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದರು. ಈ ಕಡೆ ಒಂದನೇ ಬೇಕು, ಆ ಕಡೆ ಎರಡನೇ ಬೇಕು ಎಂದು ದಪ್ಪಗೆ ಬರೆದರು. "ಒಂದನೇದು ಅಗತ್ಯ. ಎರಡನೇದು ಆಸೆ. ಏನೇ ಕೇಳೋದಿದ್ರೂ ಇಲ್ಲಿ ಬಂದು ನಿಂತ್ಕೊಂಡು, ಇದಿಲ್ಲದಿದ್ರೆ ನಾನು ಸಾಯ್ತೀನಾ ಅಂತ ನಿನ್ನನ್ನ ನೀನೇ ಕೇಳ್ಕೋ. ಸಾಯ್ತೀನಿ ಅಂದ್ರೆ ಒಂದು. ಇಲ್ಲಾಂದ್ರೆ ಎರಡು. ಎರಡನೇದನ್ನ ಈ ಮನೇಲಿ ಯಾರೂ ಕೇಳೋ ಹಾಗಿಲ್ಲ."

ಆ ಮಳೆಗಾಲವೆಲ್ಲ ಗೋಡೆ ತುಂಬುತ್ತ ಹೋಯಿತು. ಮಳೆಗಾಲ ಅಂದರೆ ಅರಸೀಕೆರೆಯಲ್ಲಿ ನಾಲ್ಕು ಹನಿ ಬಿದ್ದು ಧೂಳಿಗೆ ಸಿಡುಬು ಎದ್ದ ಹಾಗೆ ಕಾಣುವುದು, ಅಷ್ಟೇ. ಬತ್ತಾಸು ಎರಡು. ಜಡೆಗೆ ಟೇಪು ಎರಡು. ಚಪ್ಪಲಿ ಎರಡು, ಕಾಲಿದೆಯಲ್ಲ. ಸ್ಕೂಲಿನ ಹುಡುಗಿಯರ ಜೊತೆ ಕುಂಟೇಬಿಲ್ಲೆ ಎರಡು. ದೊಡ್ಡಮ್ಮನ ಪಾಲಿನ ಮಧ್ಯಾಹ್ನದ ಕಾಫಿ ಎರಡು. ದೊಡ್ಡಪ್ಪನ ಪಾಲಿನ ಮಧ್ಯಾಹ್ನದ ಕಾಫಿ ಒಂದು. ನಸ್ಯ ಒಂದು, ಅದಿಲ್ಲದೆ ತಲೆ ಓಡುವುದಿಲ್ಲ. ಆರಾಮಕುರ್ಚಿಗೆ ಹೊಸ ಬಟ್ಟೆ ಒಂದು, ಪಾಠ ಹೇಳಿದವರಿಗೆ ಬೆನ್ನು ನೋಯುತ್ತದೆ. ಬಿಕ್ಕೋಡಿನ ತೋಟದಿಂದ ಅವರ ಹಳೇ ಶಿಷ್ಯನೊಬ್ಬ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸುತ್ತಿದ್ದ ಕಾಫಿ ಬೀಜ ಕೂಡ ಒಂದು. ಗೋಡೆ ಹುಟ್ಟಿದ್ದೇ ಅವರ ಬೆನ್ನಿಗೆ ಆನಿಕೆಯಾಗಲು ಎಂದು ನನಗೆ ಆಗ ತಿಳಿಯಲಿಲ್ಲ. ನಾನು ದಡ್ಡಿ ಅಲ್ಲ, ಒಳ್ಳೆಯ ವಿದ್ಯಾರ್ಥಿನಿ. ಅದು ದಡ್ಡತನಕ್ಕಿಂತ ಕೆಟ್ಟದ್ದು.

ಒಂದು ಭಾನುವಾರ ಬೆಳಿಗ್ಗೆ ಹೊಟ್ಟೆ ಕೆಟ್ಟಿತ್ತು. ಸ್ಕೂಲಿನಲ್ಲಿ ಕಲಿಸಿದ್ದ ಹಾಗೆ ಕಿರುಬೆರಳ ಜೊತೆ ಇನ್ನೊಂದು ಬೆರಳೆತ್ತಿ, "ದೊಡ್ಡಪ್ಪ, ಎರಡಕ್ಕೆ ಹೋಗಬೇಕು" ಅಂದೆ. ಹಿತ್ತಿಲ ಬಾಗಿಲ ಚಿಲಕ ನನಗೆ ಎಟುಕುತ್ತಿರಲಿಲ್ಲ, ಅವರೇ ತೆಗೆಯಬೇಕಿತ್ತು.

ಪೇಪರಿನಿಂದ ತಲೆ ಎತ್ತದೆ, "ಎರಡು ಅಂತ ನೀನೇ ಒಪ್ಪಿಕೊಂಡೆಯಲ್ಲ. ಮತ್ತೆ ಯಾಕೆ ಕೇಳ್ತೀಯ? ತಡ್ಕೋ" ಅಂದರು.

ತಡೆದುಕೊಂಡೆ. ಆಗುವಷ್ಟು. ಆಮೇಲೆ ಹಜಾರ ತೊಳೆದವಳು ದೊಡ್ಡಮ್ಮ. ಈ ವಿಷಯ ಗೋಡೆಯ ಯಾವ ಕಡೆಯೂ ದಾಖಲಾಗಲಿಲ್ಲ.

ನಮ್ಮ ಮನೆಗೆ ಬೆಣ್ಣೆ ತರುತ್ತಿದ್ದವಳು ಕೆಂಚಮ್ಮ. ಗಂಡಸಿ ಕಡೆಯವಳು. ಪ್ರತಿ ಸಂತೆ ದಿನ ತಲೆಯ ಮೇಲೆ ಮಡಕೆ ಹೊತ್ತು ಬರುತ್ತಿದ್ದಳು. ಒಂದು ದಿನ ಗೋಡೆ ನೋಡಿ ಸೊಂಟದ ಮೇಲೆ ಕೈ ಇಟ್ಟುಕೊಂಡಳು.

"ಇದೇನವ್ವ, ಮೇಷ್ಟ್ರು ಗ್ವಾಡೆಗೆಲ್ಲ ಮಸಿ ಬಳ್ದವ್ರೆ?"

ನಾನು ಪಾಠ ಒಪ್ಪಿಸುವ ಹಾಗೆ ಎಲ್ಲ ವಿವರಿಸಿದೆ. ಅವಳು ಕೇಳಿಸಿಕೊಂಡು, "ಅಂಗಾರೆ ಬೆಣ್ಣೆ ಯಾವ್ ಕಡೀಕೆ ಬತ್ತದೆ?" ಅಂದಳು.

"ಒಂದನೇ ಕಡೆಗೆ. ತುಪ್ಪ ಇಲ್ಲದಿದ್ರೆ ದೊಡ್ಡಪ್ಪಂಗೆ ಅನ್ನ ಇಳಿಯಲ್ಲ."

"ಅಯ್ಯೋ ಬಿಡು ತಾಯಿ. ಅದ್ನ ಕಡ್ದು ಹೊತ್ಕಂಡ್ ಬರೋಳು ನಾನು. ನಾನೇ ನಾಲ್ಗೆಗೆ ಸವ್ರಿಲ್ಲ, ಆದ್ರೂ ಸತ್ತಿಲ್ವಲ್ಲ" ಎಂದು ಮಡಕೆ ಇಳಿಸಿದಳು. ದೊಡ್ಡಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಹಜಾರದಲ್ಲಿ ಪೇಪರು ಒಂದು ಸಲ ಜೋರಾಗಿ ಸದ್ದು ಮಾಡಿತು.

ದಸರಾ ಕಳೆದ ಮೇಲೆ ಒಂದು ದಿನ ಊಟಕ್ಕೆ ಕುಳಿತ ದೊಡ್ಡಪ್ಪನ ಹಲ್ಲಿಗೆ ಕಲ್ಲು ಸಿಕ್ಕಿತು. ಅಕ್ಕಿಯಲ್ಲಿದ್ದ ಕಲ್ಲು. ತಟ್ಟೆಯ ಅಂಚಿಗೆ ಉಗಿದು, "ಲೇ, ಕಣ್ಣು ಕಾಣಲ್ವೇನೇ ನಿನಗೆ?" ಅಂದರು.

"ಕಾಣಲ್ಲ ರೀ. ಹತ್ತಿರದ್ದೆಲ್ಲ ಮಂಜಾಗಿದೆ. ಒಂದು ಕನ್ನಡಕ ಬೇಕು" ಅಂದಳು ದೊಡ್ಡಮ್ಮ. ಆ ಮನೆಯಲ್ಲಿ ಅವಳ ಬಾಯಿಂದ ಬೇಕು ಎಂಬ ಮಾತು ನಾನು ಕೇಳಿದ್ದು ಅದೇ ಮೊದಲು.

"ನಿನಗ್ಯಾಕೆ ಕನ್ನಡಕ? ಆಫೀಸಿಗೆ ಹೋಗೋದಿದೆಯಾ?"

"ನಾಲ್ಕನೇ ಕ್ಲಾಸು ಓದಿದೀನಿ. ಮುಂಚೆ ತಮ್ಮನ ಕಾಗದ ನಾನೇ ಓದ್ಕೋತಿದ್ದೆ."

"ಕಾಗದ ಓದೋಕೆ ನಾನಿಲ್ವಾ?" ಎಂದು ನನ್ನ ಕಡೆ ತಿರುಗಿದರು. "ಜಯಿ, ನೀನೇ ಹೇಳು. ಕನ್ನಡಕ ಒಂದೋ ಎರಡೋ? ಇಲ್ಲದಿದ್ರೆ ದೊಡ್ಡಮ್ಮ ಸಾಯ್ತಾಳಾ?"

ದೊಡ್ಡಮ್ಮ ನನ್ನನ್ನೇ ನೋಡಿದಳು. ಅವಳಿಗೆ ನನ್ನ ಮುಖ ಎಷ್ಟು ಕಂಡಿತೋ ಏನೋ. ನನಗೆ ಸರಿಯುತ್ತರ ಗೊತ್ತಿತ್ತು, ಸರಿಯುತ್ತರಕ್ಕೆ ಶಹಭಾಸ್ ಸಿಗುತ್ತದೆ ಎಂದೂ ಗೊತ್ತಿತ್ತು. "ಎರಡು" ಅಂದೆ.

ದೊಡ್ಡಪ್ಪ ಕೈ ತೊಳೆದು ಬಂದು ಕೋಟಿನ ಜೇಬಿನಿಂದ ಒಂದು ಚೂರು ಕಲ್ಲುಸಕ್ಕರೆ ತೆಗೆದು ಕೊಟ್ಟರು. ಅದಕ್ಕೆ ನಸ್ಯದ ಪುಡಿ ಅಂಟಿತ್ತು. ಸೀನುತ್ತ ಸೀನುತ್ತ ಚೀಪಿದೆ. ಬತ್ತಾಸು ಎರಡನೇದಾದರೆ ಕಲ್ಲುಸಕ್ಕರೆ ಯಾವುದು ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಬದುಕಿನಲ್ಲಿ ಎಷ್ಟೋ ಕೆಟ್ಟದ್ದು ತಿಂದಿದ್ದೇನೆ. ಅಷ್ಟು ಕೆಟ್ಟದ್ದನ್ನು ತಿಂದಿಲ್ಲ.

ದೊಡ್ಡಮ್ಮನ ತವರು ಹಳೇಬೀಡು. ಅಲ್ಲಿ ಅವಳ ತಾಯಿ, ತಮ್ಮ, ತಮ್ಮನ ಹೆಂಡತಿ. ತಮ್ಮ ಆಗಾಗ ಕಾರ್ಡು ಬರೆಯುತ್ತಿದ್ದ. ಕನ್ನಡಕ ಎರಡನೇ ಕಡೆಗೆ ಹೋದ ಮೇಲೆ ಕಾರ್ಡು ಓದುವ ಕೆಲಸ ದೊಡ್ಡಪ್ಪನದೇ ಆಯಿತು. ದೊಡ್ಡಮ್ಮ ಕಂಬಕ್ಕೆ ಒರಗಿ ನಿಲ್ಲುತ್ತಿದ್ದಳು. ಅವರು ಕಾರ್ಡನ್ನು ದೂರ ಹಿಡಿದು, "ಎಲ್ಲ ಕ್ಷೇಮ. ರಾಗಿ ಪರವಾಗಿಲ್ಲ. ಹಸು ಕರು ಹಾಕಿದೆ" ಎಂದು ಓದಿ, ಗೋಡೆಗೆ ನೇತುಹಾಕಿದ್ದ ಕಾಗದದ ತಂತಿಗೆ ಚುಚ್ಚುತ್ತಿದ್ದರು. ಅವಳು ಒಂದು ಗಳಿಗೆ ನಿಂತು ಒಳಗೆ ಹೋಗುತ್ತಿದ್ದಳು. ಇನ್ನೇನಾದರೂ ಇದೆಯಾ ಎಂದು ಒಂದು ಸಲ ಕೇಳಿದ್ದಳು. "ಇರೋದೆಲ್ಲ ಓದಿದೆನಲ್ಲ" ಅಂದಿದ್ದರು.

ಸಂಕ್ರಾಂತಿ ಕಳೆದ ವಾರ. ಒಣ ಚಳಿ, ತುಟಿ ಒಡೆಯುವ ಗಾಳಿ. ನನಗೆ ಸ್ಕೂಲಿಗೆ ರಜ, ದೊಡ್ಡಪ್ಪ ಯಾವುದೋ ಮೀಟಿಂಗಿಗೆ ಹೋಗಿದ್ದರು. ದೊಡ್ಡಮ್ಮ ಅಡಿಗೆಮನೆಯಲ್ಲಿ ಹಿಟ್ಟು ನಾದುತ್ತ, "ಏನಾದ್ರೂ ಓದೇ ಜಯಿ, ಸುಮ್ನೆ ಕೇಳ್ತೀನಿ. ಒತ್ತಕ್ಷರ ಬರತ್ತಲ್ಲ ಈಗ ನಿನಗೆ" ಅಂದಳು. ಪುಸ್ತಕದ ಪಾಠವೆಲ್ಲ ಬಾಯಿಗೆ ಬಂದು ಹೋಗಿತ್ತು. ಸ್ಟೂಲು ಹತ್ತಿ ತಂತಿಯಿಂದ ಮೇಲಿನ ಕಾರ್ಡು ಕಿತ್ತುಕೊಂಡು ಬಂದೆ. ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದೆ.

"ಅಮ್ಮ ಹಾ-ಸಿ-ಗೆ ಹಿಡಿದು ಎರಡು ತಿಂಗಳಾಯಿತು. ನಿನ್ನನ್ನು ನೋ-ಡ-ಬೇ-ಕು ಎನ್ನು-ತ್ತಾಳೆ."

ಬೇಕು ಕಂಡ ತಕ್ಷಣ ನನ್ನ ಅಭ್ಯಾಸ ಎದ್ದಿತು. "ದೊಡ್ಡಮ್ಮ, ಈ ಬೇಕು ಒಂದೋ ಎರಡೋ?"

ಹಿಟ್ಟಿನೊಳಗೆ ಅವಳ ಕೈ ಹಾಗೇ ನಿಂತಿತು. "ಇನ್ನೊಂದು ಸಲ ಓದು" ಅಂದಳು. ಓದಿದೆ. "ಅದರ ಕೆಳಗಿನ ಕಾರ್ಡು ತಾ" ಅಂದಳು. ತಂದೆ. ಅದರಲ್ಲೂ ಇತ್ತು. ಅದರ ಕೆಳಗಿನದರಲ್ಲೂ ಇತ್ತು. ಮೂರು ಕಾರ್ಡು, ಮೂರರಲ್ಲೂ ನೋಡಬೇಕು ಎನ್ನುತ್ತಾಳೆ, ಮೂರರಲ್ಲೂ ಹಸುವಿನ ಕರುವಿನ ಸುದ್ದಿಯ ಪಕ್ಕದಲ್ಲೇ. ದೊಡ್ಡಮ್ಮ ಅಳಲಿಲ್ಲ. ಕೈ ತೊಳೆದು, ಹಿಟ್ಟಿನ ಮೇಲೆ ತಟ್ಟೆ ಮುಚ್ಚಿ, ಮೂರು ಕಾರ್ಡನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಸಂಜೆ ದೊಡ್ಡಪ್ಪ ಬಂದು ಕಾಫಿ ಕುಡಿದು ಮುಗಿಸುವವರೆಗೆ ಕಾದಳು. ಆಮೇಲೆ ಕಾರ್ಡುಗಳನ್ನು ಅವರ ತೊಡೆಯ ಮೇಲಿಟ್ಟಳು.

"ಇದನ್ನ ಓದಿ."

"ಆಗಲೇ ಓದಿದ್ದೆನಲ್ಲ."

"ಇನ್ನೊಂದು ಸಲ ಓದಿ."

"ಎಲ್ಲ ಕ್ಷೇಮ. ರಾಗಿ..."

"ಜಯಿ, ನೀನು ಓದು."

ನಾನು ಓದಿದೆ. ಬೆಳಗಿನಿಂದ ನಾಲ್ಕು ಸಲ ಓದಿದ್ದರಿಂದ ಈಗ ತಡವರಿಸದೆ ಬಂತು. ದೊಡ್ಡಪ್ಪನ ಮುಖದಲ್ಲಿ ನಾಚಿಕೆ ಹುಡುಕಿದರೆ ಸಿಗುತ್ತಿರಲಿಲ್ಲ. ಒಂದು ಚಿಟಿಕೆ ನಸ್ಯ ಏರಿಸಿ, ಕ್ಲಾಸಿನಲ್ಲಿ ನಿಂತ ಹಾಗೆ ಗಂಟಲು ಸರಿಮಾಡಿಕೊಂಡರು.

"ನೋಡಬೇಕು ಅಂತಿದಾರೆ. ಅದು ಎರಡನೇದು. ವಯಸ್ಸಾದವರಿಗೆ ಸಹಜ. ನಿಜವಾಗಿ ಅಗತ್ಯ ಇದ್ದಿದ್ರೆ ನಿನ್ನ ತಮ್ಮ ನೋಡಲೇಬೇಕು ಅಂತ ಬರೀತಿದ್ದ. ಮೂರು ಕಾರ್ಡಲ್ಲಿ ಎಲ್ಲಾದ್ರೂ ಒಂದು 'ಲೇ' ಇದೆಯಾ? ಇದ್ರೆ ತೋರಿಸು, ನಾನೇ ಬಸ್ ಹತ್ತಿಸ್ತೀನಿ. ಲೇ, ಭಾಷೆ ಅಂದ್ರೆ ಹಾಗೆ ಕಣೇ, ಒಂದಕ್ಷರದ ಮೇಲೆ ಅರ್ಥ ನಿಂತಿರತ್ತೆ."

ದೊಡ್ಡಮ್ಮ ಖಾಲಿ ಕಾಫಿ ಲೋಟ ಎತ್ತಿಕೊಂಡಳು. ಆಮೇಲೆ ಹೇಳಿದಳು. ದನಿ ಏರಿಸಲಿಲ್ಲ.

"ಮದುವೆಯಾಗಿ ಇಪ್ಪತ್ತು ವರ್ಷ ಆಯ್ತು. ಬೆಳಗೆದ್ರೆ ಲೇ, ಊಟಕ್ಕೆ ಕೂತ್ರೆ ಲೇ, ನಸ್ಯದ ಡಬ್ಬಿ ಕಾಣದಿದ್ರೆ ಲೇ. ಒಂದು ದಿನ ನನ್ನ ಹೆಸರು ಹಿಡಿದು ಕರೆದಿಲ್ಲ. ಅಷ್ಟೊಂದು ಲೇ ಇದೆಯಲ್ಲ ನಿಮ್ಮ ಹತ್ರ, ಅದರಲ್ಲಿ ಒಂದು ತಗೊಂಡು ಆ ಕಾರ್ಡಿಗೆ ಅಂಟಿಸ್ಕೊಳ್ಳಿ. ನಾನು ಬೆಳಿಗ್ಗೆ ಹೊರಡ್ತೀನಿ."

"ಮತ್ತೆ ನನ್ನ ಊಟ?" ಅಂದರು ದೊಡ್ಡಪ್ಪ. ಇಷ್ಟು ವ್ಯಾಕರಣ ಕಲಿತವರ ಬಾಯಿಂದ ಕೊನೆಗೆ ಬಂದದ್ದು ಇದು.

"ಕೈ ಇದೆಯಲ್ಲ" ಅಂದಳು ದೊಡ್ಡಮ್ಮ.

ಬೆಳಿಗ್ಗೆ ಒಂದು ಚೀಲ ಹಿಡಿದು, ನನ್ನ ಕೈ ಹಿಡಿದು ಹೊರಟಳು. ಹೊಸಲಿನಲ್ಲಿ ದೊಡ್ಡಪ್ಪ ಕೊನೆಯ ಬಾಣ ಬಿಟ್ಟರು. "ಹುಡುಗೀನ ಯಾಕೆ ಕರ್ಕೊಂಡು ಹೋಗ್ತೀಯ? ಅವಳ ಪಾಠ?"

"ಅವಳಿಗೆ ಓದೋಕೆ ಬಂದಾಯ್ತು" ಅಂದಳು.

ಜಾವಗಲ್ ಮೇಲೆ ಹೋಗುವ ಬಸ್ಸು. ಸೀಟಿನ ಕೆಳಗೆ ಯಾರದೋ ಕೋಳಿ, ಕಿಟಕಿಯಲ್ಲಿ ಗಾಳಿ ಕೊರೆಯುತ್ತಿತ್ತು. ದಾರಿಯುದ್ದಕ್ಕೂ, ಎರಡು ತಿಂಗಳು ಅಂತ ಬರೆದ ಕಾರ್ಡು ಎಷ್ಟು ಹಳೆಯದೋ, ತಾಯಿ ಇದ್ದಾಳೋ ಇಲ್ಲವೋ ಎನ್ನುವುದೊಂದೇ ದೊಡ್ಡಮ್ಮನ ತಲೆಯಲ್ಲಿ. ಹಳೇಬೀಡಿನಲ್ಲಿ ಇಳಿದಾಗ ದೇವಸ್ಥಾನದ ಮುಂದೆ ಕ್ಯಾಮೆರಾ ನೇತುಹಾಕಿಕೊಂಡ ನಾಲ್ಕು ಜನ ಬಿಳಿಯರು ನಿಂತಿದ್ದರು. ಕಲ್ಲಿನ ಹೆಂಗಸರನ್ನು ನೋಡಲು ಅವರು ಹಡಗು ಹತ್ತಿ ಬಂದಿದ್ದರು. ಉಸಿರಾಡುವ ಒಬ್ಬಳನ್ನು ನೋಡಲು ಅರಸೀಕೆರೆಯಿಂದ ಬರುವುದಕ್ಕೆ ನಮಗೆ ಮೂರು ಕಾರ್ಡು ಬೇಕಾಯಿತು. ದೊಡ್ಡಮ್ಮ ಓಡುವ ಹಾಗೆ ನಡೆದಳು. ನಾನು ನಿಜವಾಗಿಯೇ ಓಡಿದೆ.

ಅಜ್ಜಿ ಇದ್ದಳು. ನಡುಮನೆಯಲ್ಲಿ ಕುಂಟುವ ಮಂಚದ ಮೇಲೆ, ಒಂದು ಹಿಡಿ ಮೂಳೆ.

"ಯಾರದು, ಪದ್ದೂನಾ?"

ದೊಡ್ಡಮ್ಮನಿಗೆ ಒಂದು ಹೆಸರಿದೆ ಎಂದು ನನಗೆ ಗೊತ್ತಾದದ್ದು ಅವತ್ತು.

"ಹೂಂ ಅಮ್ಮ. ಬಂದೆ."

"ಇಷ್ಟು ದಿನ ಏನು ಕಡಿದು ಕಟ್ಟೆ ಹಾಕ್ತಿದ್ದೆ?"

"ಕಾಗದ ನಿನ್ನೆ ಓದಿದೆ ಕಣಮ್ಮ."

"ಸರಿ ಸರಿ, ಅಳಬೇಡ. ಬೆನ್ನು ಕೆರಿ. ಅಲ್ಲಲ್ಲ, ಇನ್ನೂ ಕೆಳಗೆ. ನಿನ್ನ ತಮ್ಮನ ಹೆಂಡ್ತಿ ಕೆರೆದ್ರೆ ಬಾಣಲೆ ಉಜ್ಜಿದ ಹಾಗಿರತ್ತೆ. ಒಂದು ಕೆರೆಯೋಕೆ ಬರಲ್ಲ ಯಾರಿಗೂ ಈ ಮನೇಲಿ."

ಮೂರು ಕಾರ್ಡು ಬರೆಸಿದ್ದು ಇದಕ್ಕೆ. ನಾನು ಮಂಚದ ಪಕ್ಕ ನಿಂತು, ಮನಸ್ಸಿನಲ್ಲೇ ಗೋಡೆ ಎಬ್ಬಿಸಿ, ಬೆನ್ನು ಕೆರೆಯುವುದನ್ನು ಯಾವ ಕಡೆ ಬರೆಯುವುದು ಎಂದು ನೋಡಿದೆ. ಇದಿಲ್ಲದಿದ್ದರೆ ಸಾಯ್ತೀಯಾ ಎಂದು ಕೇಳಬೇಕು. ಅಜ್ಜಿ ಇದಿದ್ದರೂ ಸಾಯುತ್ತಾಳೆ. ದೊಡ್ಡಪ್ಪನ ಪ್ರಶ್ನೆ ಅಲ್ಲಿ ಕೆಲಸಕ್ಕೆ ಬರಲಿಲ್ಲ. ದೊಡ್ಡಮ್ಮನ ಬೆರಳು ಮೇಲೆ ಕೆಳಗೆ ಹೋಗುತ್ತಿತ್ತು. ಅಜ್ಜಿ ಬೈಯುತ್ತ ಬೈಯುತ್ತ ನಿದ್ದೆ ಹೋದಳು. ಎರಡು ತಿಂಗಳಲ್ಲಿ ಹಗಲು ಹೊತ್ತು ಹೀಗೆ ಮಲಗಿದ್ದು ಇದೇ ಮೊದಲು ಎಂದಳು ತಮ್ಮನ ಹೆಂಡತಿ, ಅಷ್ಟೇನೂ ಸಂತೋಷವಿಲ್ಲದೆ.

ಎಂಟನೆಯ ದಿನ ದೊಡ್ಡಪ್ಪ ಬಂದರು. ಕೋಟಿನ ಎರಡು ಗುಂಡಿ ತಪ್ಪಿತ್ತು. ಕೆಂಚಮ್ಮ ಆಮೇಲೆ ದೊಡ್ಡಮ್ಮನಿಗೆ ಹೇಳಿದ ಪ್ರಕಾರ, ಅವರು ಹುರಿಯದ ಬೀಜವನ್ನೇ ಕುಟ್ಟಿ ಕಾಫಿ ಮಾಡಿಕೊಂಡು, "ಬಿಕ್ಕೋಡಿನೋನು ಮೋಸ ಮಾಡ್ದ" ಎಂದು ಶಿಷ್ಯನಿಗೆ ಬೈದರಂತೆ. ಮನೆಯಲ್ಲಿ ಯಾರಾದರೂ ಕಾಫಿ ಬೀಜ ಹುರಿಯುತ್ತಾರೆ ಎಂದೇ ಇಪ್ಪತ್ತು ವರ್ಷದಿಂದ ಗೊತ್ತಿರಲಿಲ್ಲ ಆ ಪಂಡಿತರಿಗೆ.

"ಏನು ಅಳಿಯಂದಿರು ಬಂದಿದ್ದು?" ಅಂದಳು ಅಜ್ಜಿ ಮಂಚದಿಂದ.

"ಏನಿಲ್ಲ ಅತ್ತೆ. ನಿಮ್ಮನ್ನ ನೋಡಬೇಕು ಅನ್ನಿಸ್ತು."

"ನೋಡಬೇಕಾ, ನೋಡಲೇಬೇಕಾ ದೊಡ್ಡಪ್ಪ?" ಅಂದೆ ನಾನು. ನಿಜವಾಗಿ ತಿಳಿದುಕೊಳ್ಳಲು ಕೇಳಿದೆ ಎಂದು ಆಗ ಎಲ್ಲರಿಗೂ ಹೇಳಿದೆ. ಸುಳ್ಳು. ಅಡಿಗೆಮನೆಯಲ್ಲಿ ದೊಡ್ಡಮ್ಮ ನಕ್ಕದ್ದು ನಡುಮನೆಗೆ ಕೇಳಿಸಿತು.

"ನೋಡಿದ್ರಲ್ಲ. ಊಟ ಮಾಡ್ಕೊಂಡು ಹೊರಡಿ, ಮೂರು ಗಂಟೆ ಬಸ್ಸು ತಪ್ಪಿಹೋಗತ್ತೆ" ಅಂದಳು ಅಜ್ಜಿ. ಅವರು ಎರಡು ಸಲ ಸಾರು ಹಾಕಿಸಿಕೊಂಡು ಉಂಡು, ಒಬ್ಬರೇ ಹೋದರು.

ತಮ್ಮ ಬೇಲೂರು ಸಂತೆಗೆ ಅಕ್ಕನನ್ನು ಕರೆದುಕೊಂಡು ಹೋಗಿ, ಕಣ್ಣಿಗೆ ಹಾಕಿ ನೋಡಿ ಆರಿಸಿಕೊಳ್ಳುವ ಕನ್ನಡಕ ಕೊಡಿಸಿದ. ಹಾಗೇ ನಮ್ಮಪ್ಪನನ್ನೂ ಕಂಡು ಬಂದರು. ಹಳೇಬೀಡಾದರೆ ಹತ್ತಿರವೇ ಆಯಿತು, ಅಲ್ಲೇ ಇರಲಿ ಎಂದನಂತೆ ಅಪ್ಪ. ನನ್ನ ಸ್ಕೂಲಿನ ನೆನಪು ಯಾರಿಗೂ ಬರಲಿಲ್ಲ, ನನಗೂ ಬರಲಿಲ್ಲ. ಆ ಪುಣ್ಯದಿಂದ ಎರಡನೇ ಕ್ಲಾಸನ್ನು ಎರಡು ಸಲ ಓದಿದೆ. ಅರಸೀಕೆರೆಯಿಂದ ವಾರಕ್ಕೊಂದು ಕಾರ್ಡು ಬರುತ್ತಿತ್ತು. ದೊಡ್ಡಮ್ಮ ತಾನೇ ಓದಿಕೊಳ್ಳುತ್ತಿದ್ದಳು. ಮೂರನೆಯದರಲ್ಲಿ "ನೀನು ಬರಲೇಬೇಕು" ಎಂದು ಬರೆದು, ಲೇ ಕೆಳಗೆ ಗೆರೆ ಎಳೆದಿದ್ದರು. ಅವಳು ಅದನ್ನು ನಾಲ್ಕು ಮಡಿಕೆ ಮಡಿಸಿ ಅಜ್ಜಿಯ ಮಂಚದ ಕುಂಟು ಕಾಲಿನ ಕೆಳಗೆ ಕೊಟ್ಟಳು. ಮಂಚ ಅಲ್ಲಾಡುವುದು ನಿಂತಿತು.

ಶಿವರಾತ್ರಿ ಕಳೆದ ವಾರ, ಮಧ್ಯಾಹ್ನ, ಅಜ್ಜಿ ಹೋದಳು. ಆಗ ದೊಡ್ಡಮ್ಮನ ಕೈ ಅವಳ ಬೆನ್ನ ಮೇಲೇ ಇತ್ತು. ಸ್ವಲ್ಪ ಹೊತ್ತು ಕೆರೆಯುತ್ತಲೇ ಇದ್ದಳು. ನಿಲ್ಲಿಸು ಎಂದು ಯಾರೂ ಹೇಳಲಿಲ್ಲ.

ಹದಿಮೂರು ದಿನ ಮುಗಿಯಿತು. ದೊಡ್ಡಪ್ಪ ಬಂದು, ವಡೆ ತಿಂದು, ಹೆಂಡತಿ ಗಂಟು ಕಟ್ಟುವುದನ್ನು ಕಾದು, ಅವಳು ಕಟ್ಟದೆ ಇರುವುದನ್ನು ನೋಡಿ ಹಾಗೇ ಹೋದರು. ಯುಗಾದಿಯೂ ಕಳೆಯಿತು. ಒಂದು ಮಧ್ಯಾಹ್ನ ದೊಡ್ಡಮ್ಮ ಜಗಲಿಯಲ್ಲಿ ಕಾಲು ಚಾಚಿ ಕುಳಿತು, ಮಾವಿನಕಾಯಿ ಹೋಳಿಗೆ ಉಪ್ಪು ಖಾರ ಹಚ್ಚುತ್ತಿದ್ದಳು. ತಮ್ಮನ ಹೆಂಡತಿ ಬಾಗಿಲಿಗೆ ಬಂದು ನಿಂತು, "ಇನ್ನೇನು ಕೆಲಸ ಉಳಿದಿದೆ ಅತ್ತಿಗೆ ಇಲ್ಲಿ?" ಎಂದು ಬಹಳ ಮೆತ್ತಗೆ ಕೇಳಿದಳು.

"ಏನೂ ಇಲ್ಲ ಕಣಮ್ಮ" ಅಂದಳು ದೊಡ್ಡಮ್ಮ. "ಸುಮ್ನೆ ಇದೀನಿ."

ಒಂದು ಹೋಳು ನನಗೆ ಕೊಟ್ಟಳು, ಒಂದು ಅವಳಿಗೂ ಕೊಟ್ಟಳು. ಇಡೀ ಚೈತ್ರ ಸುಮ್ಮನೆ ಇದ್ದಳು.